ಸೂರಿಲ್ಲದ ಮನೆಯ ಹೊಗೆ

ಮಾಪುಲೆಂಗ್ ತನ್ನ ಹೊಸ ಮನೆಗೆ ಒಕ್ಕಲು ಬಂದಾಗ ಅದಕ್ಕೆ ಗೋಡೆಯಿತ್ತು, ಬಾಗಿಲಿತ್ತು, ನಟ್ಟನಡುವೆ ಮೂರು ಕಲ್ಲಿನ ಒಲೆಯಿತ್ತು. ಸೂರು ಮಾತ್ರ ಇರಲಿಲ್ಲ. ಆಗ ಜುಲೈ ತಿಂಗಳು, ಭೂಮಿಯ ದಕ್ಷಿಣಾರ್ಧದ ಮಾಲೋತಿ ಬೆಟ್ಟಗಳಲ್ಲಿ ಚಳಿಗಾಲದ ನಡುಮಧ್ಯ. ಹೊಳೆಯ ಅಂಚಿನಲ್ಲಿ ನೀರು ಗಾಜಾಗಿ ಕೂರುವ, ಕುದುರೆಯ ಮೀಸೆಗೂ ಹಿಮ ಹತ್ತುವ ಆ ತಿಂಗಳಲ್ಲಿ ತಲೆ ನೆಟ್ಟಗಿದ್ದವರು ಯಾರೂ ಮನೆ ಬದಲಿಸುವುದಿಲ್ಲ.

ಮೂವತ್ತು ಹೆಜ್ಜೆ ಆಚೆ ತನ್ನ ಅಂಗಳದಲ್ಲಿ ನಿಂತು ಅತ್ತೆ ಅದನ್ನೇ ಊರಿಗೆಲ್ಲ ಕೇಳುವಂತೆ ಹೇಳಿದಳು.

"ನೋಡ್ರೇ, ನೋಡ್ರೇ! ನನ್ನ ಸೊಸೆ ಮನೆ ನೋಡ್ರೇ! ಮೈಗೆ ಅಂಗಿ ಇದೆ, ತಲೆಗೆ ಟೋಪಿ ಇಲ್ಲ!"

ಅತ್ತೆಯ ನಾಲಿಗೆ ಅಂಥದ್ದು. ಎಂಟು ವರ್ಷದ ಹಿಂದೆ ಮದುವೆಯ ದಿನ, ಇನ್ನೂ ಹುಟ್ಟದ ಮಗುವಿಗೆ ಪುಲೆಂಗ್ ಎಂದು ಹೆಸರು ಗೊತ್ತುಮಾಡಿ, ಸೊಸೆಯನ್ನು ಆ ಮಗುವಿನ ತಾಯಿ ಮಾಪುಲೆಂಗ್ ಎಂದು ಕರೆದವಳೂ ಅವಳೇ. ಹೆಸರು ಕೊಟ್ಟಳು, ಕಂಬಳಿ ಕೊಟ್ಟಳು, ತನ್ನ ಮಗ ಮೊಖೆಲೆಯನ್ನೂ ಕೊಟ್ಟಳು. ಒಲೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಎಂಟು ವರ್ಷವೂ ಮಾಪುಲೆಂಗ್ ಊದಿದ್ದು ಅತ್ತೆಯ ಒಲೆ, ತೊಳಸಿದ್ದು ಅತ್ತೆಯ ಗಡಿಗೆ.

ಈ ವರ್ಷ ಅವಳಿಗೆ ಬೇಕಾಗಿದ್ದುದು ಹುಲ್ಲು. ಊರ ಮೇಲಿನ ಗುಡ್ಡದಲ್ಲಿ ಸೂರಿನ ಹುಲ್ಲು ವರ್ಷಪೂರ್ತಿ ಬೆಳೆಯುತ್ತದೆ. ಮೇಕೆಯ ಬಾಯಿ ತಾಗಿದರೂ ಊರ ಮುಖ್ಯಸ್ಥೆ ಕೆಂಡವಾಗುತ್ತಾಳೆ. ಜುಲೈಯಲ್ಲಿ ಹುಲ್ಲು ಹೊನ್ನಿನ ಬಣ್ಣಕ್ಕೆ ತಿರುಗಿದ ಮೇಲೆ ಗುಡ್ಡ ತೆರೆಯುತ್ತಾಳೆ, ಒಂದು ಮನೆಗೆ ಒಂದು ಪಟ್ಟಿ ಹುಲ್ಲು. ಮನೆ ಎಂದರೆ ಹೊಗೆ. ಗುಡ್ಡ ತೆರೆಯುವ ಮುಂಚಿನ ವಾರದಲ್ಲಿ ಒಂದು ದಿನ ಬೆಳಗಿನ ಜಾವ, ಅದು ಯಾವ ದಿನವೆಂದು ಯಾರಿಗೂ ಹೇಳದೆ, ಮುಖ್ಯಸ್ಥೆಯ ಆಳು ತ್ಲಾಲಿ ಕುದುರೆಯ ಮೇಲೆ ಊರು ಸುತ್ತುತ್ತಾನೆ. ಎಲ್ಲಿ ಹೊಗೆ ಏಳುತ್ತದೋ ಆ ಮನೆಯ ಹೆಸರು ಹೇಳಿ ಚರ್ಮದ ಚೀಲಕ್ಕೆ ಒಂದು ಬೆಣಚುಕಲ್ಲು ಹಾಕುತ್ತಾನೆ. ಕಲ್ಲು ಬಿದ್ದವರಿಗೆ ಹುಲ್ಲು.

ಇಷ್ಟು ವರ್ಷ ಅತ್ತೆಗೂ ಇವರಿಗೂ ಸೇರಿ ಒಂದೇ ಕಲ್ಲು. ಅತ್ತೆಯ ಸೂರು ಸೋರುತ್ತಿತ್ತು, ಈ ಸಲದ ಹುಲ್ಲೆಲ್ಲ ಅದಕ್ಕೇ ಬೇಕು. ಅದು ತಪ್ಪೆಂದು ಮಾಪುಲೆಂಗಳೂ ಹೇಳುವಂತಿರಲಿಲ್ಲ. ಆದರೆ ಹೊಸ ಮನೆ ಕಟ್ಟಿದ್ದು ಮಣ್ಣಿನ ಗಾರೆಯಲ್ಲಿ. ಕಳೆದ ಮಳೆಗಾಲಕ್ಕೆ ಚೀಲ ಹೊದಿಸಿದರೂ ಮೇಲಿನ ಎರಡು ವರಸೆ ಕಲ್ಲು ಜಾರಿ ಬಿದ್ದಿದ್ದವು. ಈ ವರ್ಷವೂ ಸೂರು ಏರದಿದ್ದರೆ ನವೆಂಬರಿನ ಮಳೆ ಇಡೀ ಗೋಡೆಯನ್ನೇ ಮಲಗಿಸುತ್ತಿತ್ತು.

ಆ ಗೋಡೆಯಲ್ಲಿ ಎರಡು ಚಳಿಗಾಲಗಳಿದ್ದವು. ಜೋಳ ಬಡಿದು ಕಣಜ ತುಂಬಿಸಿ ಊರ ಗಂಡಸರೆಲ್ಲ ಬಿಸಿಲಿಗೆ ಬೆನ್ನು ಕೊಟ್ಟು ಕೂತಾಗ ಮೊಖೆಲೆ ಹೊಳೆಯ ಹತ್ತಿರ ಕಲ್ಲು ಒಡೆಯುತ್ತಿದ್ದ. ಮಾಪುಲೆಂಗ್ ಪುಟ್ಟ ಮಗ ಪಿಟ್ಸೊನನ್ನು ಬೆನ್ನಿಗೆ ಕಟ್ಟಿಕೊಂಡು, ಮೊಣಕಾಲಿನವರೆಗೆ ಬೆರಳು ಸೆಟೆಯುವಷ್ಟು ತಣ್ಣನೆಯ ಕೆಸರು ತುಳಿಯುತ್ತಿದ್ದಳು. ಆಗ ಐದು ವರ್ಷದ ಪುಲೆಂಗ್ ಕೂಡ ರೊಟ್ಟಿಯಷ್ಟಗಲದ ಒಂದು ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಹೊಳೆಯಿಂದ ಹತ್ತಿದ್ದಳು. ದಾರಿಯುದ್ದಕ್ಕೂ ಅತ್ತಳು, ಆದರೆ ಇಳಿಸಲು ಬಿಡಲಿಲ್ಲ. ಅಪ್ಪ ಅದನ್ನು ಬಾಗಿಲ ಪಕ್ಕ ಅವಳ ಭುಜದ ಎತ್ತರಕ್ಕೆ ಕೂರಿಸಿದ್ದ. ಈಗ ಅದು ಅವಳ ಎದೆಗೆ ಬರುತ್ತದೆ. ಬಂದವರಿಗೆಲ್ಲ ತೋರಿಸುತ್ತಾಳೆ.

ಹೊಗೆಯ ಉಪಾಯ ಹೊಳೆದದ್ದು ಮಾಪುಲೆಂಗಳಿಗೆ.

"ಅವರು ಎಣಿಸೋದು ಹೊಗೆ ತಾನೆ? ಎಬ್ಬಿಸೋಣ ಬಿಡಿ. ಹೋಗಿ ಅಲ್ಲೇ ಇದ್ದುಬಿಡೋಣ."

"ಹುಚ್ಚು ಹಿಡಿದಿದೆಯೇನೇ ನಿಂಗೆ? ಈ ಚಳೀಲಿ?" ಎಂದ ಮೊಖೆಲೆ.

"ಚಳಿ ನಮಗೆ ಹೊಸದಾ?"

ಅವನು ಜೋರಾಗಿ ನಕ್ಕು, ಮೊದಲು ಗಡಿಗೆಯನ್ನೇ ಎತ್ತಿಕೊಂಡ. ಮಾಪುಲೆಂಗಳಿಗೆ ಗಂಡನ ಮೇಲೆ ಪ್ರೀತಿ ಉಕ್ಕುವುದು ಇಂಥ ಹೊತ್ತಿನಲ್ಲೇ.

ಅತ್ತೆ ತ್ಲಾಲಿಗೆ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಬೇಕಾಗಿರಲಿಲ್ಲ. 'ಅವರದ್ದು ಬೇರೆ ಒಲೆ' ಎಂದು ಹಿರಿಯಳು ಹೇಳಿದರೆ ಊರಲ್ಲಿ ಯಾರೂ ಎರಡು ಮಾತಾಡುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಆದರೆ ಕೇಳಬೇಕಲ್ಲ! ಸೊಸೆ ಬಾಯಿಬಿಟ್ಟು ಕೇಳಲಿ ಎಂದು ಅತ್ತೆ, ಕೇಳದೆಯೇ ಕೊಡಲಿ ಎಂದು ಸೊಸೆ. ಸೊಕ್ಕಿನಲ್ಲಿ ಇಬ್ಬರೂ ಒಂದೇ ಅಳತೆಯವರು. ಊರ ಹೆಂಗಸರು ನೀರಿನ ಹತ್ತಿರ ಅದನ್ನೇ ಆಡಿಕೊಂಡು ನಗುತ್ತಿದ್ದರು.

ಅತ್ತೆಯ ಸೊಕ್ಕಿಗೆ ಕಾರಣವೂ ಇತ್ತು. ಬೆಂಕಿಪೊಟ್ಟಣ ಬಂದ ಮೇಲೂ ಆ ಊರಲ್ಲಿ ಬೆಂಕಿ ಕೇಳುವುದು ನಿಂತಿಲ್ಲ. ಬೆರಣಿ ಹೊತ್ತಲು ಕಡ್ಡಿಗಿಂತ ಕೆಂಡವೇ ವಾಸಿ. ಒಲೆ ಆರಿದವಳು ಬೆಳಿಗ್ಗೆ ಒಡೆದ ಗಡಿಗೆಯ ಚೂರು ಹಿಡಿದು ಪಕ್ಕದ ಮನೆಗೆ ಹೋಗುತ್ತಾಳೆ, ಹೋಗುವಾಗ ತಲೆ ತಗ್ಗಿಸಿಕೊಂಡೇ ಹೋಗುತ್ತಾಳೆ. ಅತ್ತೆ ಮಾತ್ರ ಎಂದೂ ಹೋದವಳಲ್ಲ.

"ಮೂವತ್ತು ವರ್ಷ! ಒಬ್ಬರ ಬಾಗಿಲಿಗೆ ಬೆಂಕಿ ಕೇಳೋಕೆ ಹೋಗಿಲ್ಲ ನಾನು. ನನ್ನ ಒಲೆ ಸತ್ತ ದಿನ ನನ್ನನ್ನೂ ಹೂಳಿಬಿಡಿ" ಎನ್ನುತ್ತಿದ್ದಳು.

ಹೊಸ ಮನೆಯಲ್ಲಿ ಮೊದಲ ನಾಲ್ಕು ದಿನ ಹಬ್ಬದಂತೆ ಕಳೆಯಿತು. ಅರ್ಧ ಮನೆಗೆ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿ ಅದರಡಿ ಹಾಸಿಗೆ ಮಾಡಿಕೊಂಡರು. ಮೊಖೆಲೆ ನೆಲದ ಮೇಲೆ ಇದ್ದಲಿನಲ್ಲಿ ಗೆರೆ ಎಳೆದು ಮಗಳಿಗೆ ಕಾಯಿ ಆಟ ಕಲಿಸಿದ, ಮೂರನೇ ದಿನ ಅವಳಿಗೇ ಸೋತು, ನೀನು ಕಾಯಿ ಕದ್ದೆ ಎಂದು ಜಗಳ ತೆಗೆದ. ಹಿಟ್ಟಿನ ಖಾಲಿ ಚೀಲದ ಮೇಲೆ ಅಪ್ಪ ಮಗಳು ಇಬ್ಬರೂ ಕೂತು ನೆರಳಿನ ಇಳಿಜಾರಿನ ಮಂಜುಗಡ್ಡೆಯ ಮೇಲೆ ಜಾರಿ ಬಂದರು. ಮಾಪುಲೆಂಗ್ ಬೈದಳು, ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತಾನೂ ಒಂದು ಸಲ ಜಾರಿದಳು. ಸಂಜೆ ಒಲೆಯ ಬೂದಿಯಲ್ಲಿ ಮುಸುಕಿನ ಜೋಳ ಹುರಿದು, ನಾಲ್ವರೂ ಒಂದೇ ಕಂಬಳಿಯೊಳಗೆ ಕೂತು ತಿಂದರು. ಅವಳ ಒಲೆಯ ಮೊದಲ ಮುದ್ದೆ ಸ್ವಲ್ಪ ಸೀದಿತ್ತು. ಅದು ಅವಳಿಗೆ ಎಷ್ಟು ರುಚಿಸಿತೆಂದರೆ ತಳ ಕೆರೆದು ತಿಂದಳು.

ನೀರಿನ ಹತ್ತಿರ ಮಕ್ಕಳು ಛೇಡಿಸಿದಾಗ ಪುಲೆಂಗ್ ಸೊಂಟದ ಮೇಲೆ ಕೈ ಇಟ್ಟುಕೊಂಡಳಂತೆ. "ನಮ್ಮನೇಲಿ ಮಲಗಿದ್ರೆ ನಕ್ಷತ್ರ ಕಾಣ್ತವೆ. ನಿಮ್ಮನೇಲಿ ಏನು ಕಾಣುತ್ತೆ, ಜೇಡನಾ?"

ತ್ಲಾಲಿ ಮಾತ್ರ ಬರಲಿಲ್ಲ. ಐದನೇ ದಿನ ಮಧ್ಯಾಹ್ನವೇ ಬೆಟ್ಟ ಮರೆಯಾಯಿತು, ಸಂಜೆಗೆ ಹಿಮ ಶುರುವಾಯಿತು.

ಅತ್ತೆ ಕಂಬಳಿ ಬಿಗಿದುಕೊಂಡು ಬಂದಳು. ಹೊಸ್ತಿಲು ದಾಟಲಿಲ್ಲ.

"ನಿಮ್ಮ ಹಠ ನಿಮಗಿರಲಿ. ನನ್ನ ಮೊಮ್ಮಗ ಯಾಕೆ ಹೆಪ್ಪುಗಟ್ಟಬೇಕು? ಕೊಡು ಇಲ್ಲಿ."

ಮಾಪುಲೆಂಗ್ ಪಿಟ್ಸೊನನ್ನು ಕೊಟ್ಟಳು. ಅಷ್ಟರಮಟ್ಟಿಗೆ ಅವಳಿಗೂ ಬುದ್ಧಿಯಿತ್ತು. ಅತ್ತೆ ಪುಲೆಂಗಳ ಕಡೆ ತಿರುಗಿದಳು. "ಕಂಬಳಿ ಹೇಗೆ ಹೊದ್ದಿದೀಯೇ? ಗೆರೆ ನೆಟ್ಟಗೆ ನಿಲ್ಲಬೇಕು, ಅಡ್ಡ ಹೊದ್ರೆ ಹಾಗೇ ಕುಳ್ಳಿಯಾಗಿ ಉಳೀತೀಯ." ತಾನೇ ಬಗ್ಗಿ ಸರಿಮಾಡಿದಳು. "ನೀನೂ ಬಾ."

"ನಾ ಬರಲ್ಲ ಅಜ್ಜಿ. ನಾನೂ ಬಂದುಬಿಟ್ರೆ ನಮ್ಮನೇಲಿ ಜನ ಕಮ್ಮಿ ಆಗ್ತಾರೆ."

ಅತ್ತೆ ಮೊಮ್ಮಗಳನ್ನೇ ದಿಟ್ಟಿಸಿದಳು. ಆಮೇಲೆ ಹಿಮದಲ್ಲಿ ದಪದಪ ಹೆಜ್ಜೆ ಹಾಕಿ ಹೊರಟುಹೋದಳು.

ಒಲೆಯ ಮೇಲೆ ಹಿಮ ಚುರ್ರೆನ್ನುತ್ತ ಬೀಳತೊಡಗಿತು. ಮೊಖೆಲೆ ಹೊಸ ಬಾಗಿಲನ್ನು ಕೀಲಿನಿಂದ ಕಿತ್ತು, ಎರಡು ಕಲ್ಲಿನ ಮೇಲೆ ಓರೆಯಾಗಿ ನಿಲ್ಲಿಸಿ, ಬೆಂಕಿಗೆ ಕೊಡೆ ಹಿಡಿದ. ಆ ಬಾಗಿಲಿಗೆ ಅವನು ಒಂದು ತಿಂಗಳು ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ್ದ. ಅದರ ಒಳಮೈ ಕಪ್ಪಾಗುವುದನ್ನು ನೋಡಿಯೂ ಅವನು ಅದನ್ನು ಸರಿಸಲಿಲ್ಲ. ಪುಲೆಂಗ್ ನಾಲ್ಕು ಬೆರಣಿಗಳನ್ನು ಕಂಬಳಿಯೊಳಗೆ, ಹೊಟ್ಟೆಗೆ ಅವುಚಿ ಒಣಗಿಟ್ಟುಕೊಂಡಳು. ಮೂವರೂ ಸರದಿಯಲ್ಲಿ ಊದಿದರು, ಊದದವರು ನಿದ್ದೆ ಮಾಡಿದರು.

ಬೆಳಕು ಹರಿದಾಗ ಊರೆಲ್ಲ ಬೆಳ್ಳಗಿತ್ತು. ಮಾಪುಲೆಂಗಳ ರೆಪ್ಪೆಯ ಮೇಲೂ ಹಿಮವಿತ್ತು. ಒಲೆ ಮಾತ್ರ ಬದುಕಿತ್ತು. ಪುಲೆಂಗ್ ಕೊನೆಯ ಬೆರಣಿ ತೆಗೆದು ಕೊಟ್ಟಳು, ಹೊಗೆ ಗೋಡೆ ದಾಟಿ ದಪ್ಪಗೆ ಮೇಲೆದ್ದಿತು. ಅಷ್ಟರಲ್ಲಿ ಹೊರಗೆ ಕುದುರೆ ಸೀನಿತು.

ತ್ಲಾಲಿ ಮೂಗಿನ ತನಕ ಕಂಬಳಿ ಸುತ್ತಿಕೊಂಡು ಕುದುರೆಯ ಮೇಲೆ ಕೂತಿದ್ದ. ಗೋಡೆಯ ಮೇಲಿನಿಂದ ನೇರ ಒಳಗೇ ಇಣುಕಿದ. ಸೂರಿಲ್ಲದ ಮನೆಯಲ್ಲಿ ಅದೊಂದು ಅನುಕೂಲ.

"ಇದೇನಿದು ಮೊಖೆಲೆ, ಕುರಿದೊಡ್ಡೀಲಿ ಸಂಸಾರ ಹೂಡಿದೀಯಾ?"

"ಮನೆ, ನ್ತಾತೆ ತ್ಲಾಲಿ. ನಮ್ಮ ಮನೆ" ಎಂದಳು ಮಾಪುಲೆಂಗ್, ಹಿರಿಯರನ್ನು 'ನ್ತಾತೆ' ಎಂದು ಕರೆಯುವ ಗೌರವ ಬಿಡದೆ. "ಹೊಗೆ ಕಾಣ್ತಿದೆಯಲ್ಲ, ಕಲ್ಲು ಹಾಕಿ."

"ಹೊಗೆ! ಬೆಟ್ಟದ ಮೇಲೆ ಕುರಿ ಕಾಯೋರೂ ಹೊಗೆ ಎಬ್ಬಿಸ್ತಾರೆ. ಅವರಿಗೂ ಒಂದೊಂದು ಕಲ್ಲು ಹಾಕ್ಲಾ? ತಂಗಿ, ನೀವು ತಿನ್ನೋದು ಅಲ್ಲಿ, ಅತ್ತೆ ಗಡಿಗೇಲಿ. ಇಲ್ಲಿ ಒಂದು ವಾರ ಆಟ ಆಡಿದ್ರೆ ಮನೆ ಆಗಿಬಿಡುತ್ತಾ?"

"ಆಟ ಅಂತೆ! ಈ ಬೆರಳು ನೋಡಿ!" ಮಾಪುಲೆಂಗ್ ನೀಲಿಗಟ್ಟಿದ ಕೈ ಚಾಚಿದಳು. ಮೊಖೆಲೆ ಗೋಡೆಗೆ ಬೆನ್ನು ಕೊಟ್ಟು ಎದ್ದು ನಿಂತ. ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಬಾಗಿಲಿಗೆ ಬಂದಿದ್ದರು. ತ್ಲಾಲಿ ತಲೆಯಾಡಿಸಿ ಲಗಾಮು ಎಳೆದ. ಎರಡು ಚಳಿಗಾಲದ ಗೋಡೆ ಮಳೆಯಲ್ಲಿ ಕರಗುವುದು ಮಾಪುಲೆಂಗಳಿಗೆ ಅಲ್ಲೇ ಕಣ್ಣೆದುರು ಕಂಡಿತು. ಅತ್ತೆಯ ಕಾಲು ಹಿಡಿದಾದರೂ ಒಂದು ಮಾತು ಹೇಳಿಸಬೇಕೆಂದು, ಜೀವನದಲ್ಲಿ ಮೊದಲ ಸಲ ಸೊಕ್ಕು ನುಂಗಿಕೊಂಡು, ಅವಳು ಆ ಕಡೆ ತಿರುಗಿದಳು.

ಅತ್ತೆಯ ಸೂರಿನ ಮೇಲೆ ಹೊಗೆಯಿರಲಿಲ್ಲ.

ಎಂಟು ವರ್ಷದಲ್ಲಿ ಅಂಥ ಬೆಳಗನ್ನು ಮಾಪುಲೆಂಗ್ ನೋಡಿರಲಿಲ್ಲ. ಹೆಂಗಸರೂ ಅದನ್ನೇ ನೋಡುತ್ತಿದ್ದರು. ಆಗ ಅತ್ತೆಯ ಬಾಗಿಲು ತೆರೆಯಿತು. ಪಿಟ್ಸೊನನ್ನು ಬೆನ್ನಿಗೆ ಕಟ್ಟಿಕೊಂಡು, ಕೈಯಲ್ಲಿ ಗಡಿಗೆಯ ಚೂರು ಹಿಡಿದು ಅವಳು ಹೊರಗೆ ಬಂದಳು. ಮೊಣಕಾಲುದ್ದದ ಹಿಮದಲ್ಲಿ ಮೂವತ್ತು ಹೆಜ್ಜೆ ನಡೆದಳು. ತಲೆ ತಗ್ಗಿಸಿರಲಿಲ್ಲ. ಕುದುರೆಯನ್ನು ದಾಟಿ, ಬಾಗಿಲೇ ಇಲ್ಲದ ಹೊಸ್ತಿಲಿನ ಹೊರಗೆ ನಿಂತು, ಬೇರೆ ಮನೆಗೆ ಹೋದವರು ಕೂಗುವ ಹಾಗೆ ಕೂಗಿದಳು.

"ಯಾರ್ರೀ ಮನೇಲಿ? ಒಂಚೂರು ಬೆಂಕಿ ಕೊಡ್ತೀರಾ? ನಮ್ಮ ಮನೆ ಒಲೆ ಆರಿಹೋಗಿದೆ."

ತ್ಲಾಲಿಯ ಮೂಗಿನಿಂದ ಕಂಬಳಿ ಜಾರಿತು.

"ನೀವು... ಬೆಂಕಿ ಕೇಳ್ತಿದೀರಾ, ಅಮ್ಮಾ?"

"ಕಿವಿಗೆ ಹಿಮ ತುಂಬಿದೆಯೇನೋ? ಸೂರು ಸೋರಿ ಆರಿಹೋಯ್ತು. ನೆರೆಮನೇಲಿ ಕೇಳದೆ ಎಲ್ಲಿ ಕೇಳಲಿ? ತನ್ನ ಮನೇಲೇ ಯಾರಾದ್ರೂ ಬೆಂಕಿ ಬೇಡ್ತಾರಾ?"

ತ್ಲಾಲಿ ಒಳಗಿದ್ದ ಮೂವರನ್ನೂ ನೋಡಿದ, ಒಲೆಯ ಮೇಲೆ ಕಪ್ಪಾಗಿ ನಿಂತ ಬಾಗಿಲನ್ನು ನೋಡಿದ. ಆಮೇಲೆ ಜೇಬಿಗೆ ಕೈ ಹಾಕಿ, "ಮೊಖೆಲೆ, ಮಾಪುಲೆಂಗ್ ಅವರ ಮನೆ" ಎಂದು ಗಟ್ಟಿಯಾಗಿ ಹೇಳಿ ಚೀಲಕ್ಕೆ ಬೆಣಚುಕಲ್ಲು ಹಾಕಿದ. ಅದು ಬಿದ್ದ ಸದ್ದು ಅಷ್ಟು ಜನಕ್ಕೂ ಕೇಳಿಸಿತು. ಪುಲೆಂಗ್ ಗೋಡೆಯಲ್ಲಿನ ತನ್ನ ಕಲ್ಲನ್ನು ತಟ್ಟಿ ತಟ್ಟಿ ಕಿರುಚಿದಳು.

ಮಾಪುಲೆಂಗ್ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಇದ್ದುದರಲ್ಲೇ ಒಳ್ಳೆಯ ಕೆಂಡ ಆರಿಸಿದಳು. ಅತ್ತೆಯ ಮನೆ ಅವಳಿಗೆ ಇಂಚಿಂಚೂ ಗೊತ್ತು. ಸೂರು ಸೋರುವುದು ಕಣಜದ ಮೂಲೆಯಲ್ಲಿ. ಒಲೆಯ ಮೇಲೆ ಇಂದಿನವರೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ಕೆಂಡ ಕೊಡುವಾಗ ನೋಡಿದಳು, ಅತ್ತೆಯ ಕಂಬಳಿಯ ಅಂಚು ನೀರು ಸಿಡಿದು ಒದ್ದೆಯಾಗಿತ್ತು, ಅದರ ಮೇಲೆ ಒಲೆಯ ಬೂದಿ ಮೆತ್ತಿತ್ತು.

"ಅಮ್ಮಾ..." ಎಂದಳು.

"ಏನಮ್ಮಾ? ಬೇಗ ಕೊಡು, ಅಲ್ಲಿ ಅವನು ನನ್ನ ಹೊಗೆಗೆ ಕಾಯ್ತಿದಾನೆ." ಅತ್ತೆ ಕೆಂಡದ ಮೇಲೆ ಬೂದಿ ಮುಚ್ಚಿಕೊಂಡು, ಒಳಗೆ ಒಮ್ಮೆ ಕಣ್ಣಾಡಿಸಿದಳು. "ಬೆಂಕಿಯೇನೋ ಚೆನ್ನಾಗಿ ಕಾಪಾಡಿದೀಯ. ಮುದ್ದೆ ಸೀದ ವಾಸನೆ ಮಾತ್ರ ನನ್ನ ಅಂಗಳದವರೆಗೆ ಬಂದಿತ್ತು."

ಅವಳು ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂತಿರುಗಿದಳು. ಬೆನ್ನ ಮೇಲಿನಿಂದ ಪಿಟ್ಸೊ ಅಮ್ಮನಿಗೆ ಕೈಬೀಸಿದ. ಮೊಖೆಲೆ ಹೆಂಡತಿಯ ಪಕ್ಕ ಬಂದು ನಿಂತು ತನ್ನ ಕಂಬಳಿಯ ಒಂದು ಅಂಚನ್ನು ಅವಳ ಹೆಗಲಿಗೆ ಹೊದಿಸಿದ. ತ್ಲಾಲಿ ಕುದುರೆಯ ಮೇಲೆ ಕಾಯುತ್ತಿದ್ದ, ಹೆಂಗಸರೂ ಒಳಗೆ ಹೋಗದೆ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆಯ ಸೂರಿನ ಮೇಲೆ ಹೊಗೆ ಎದ್ದಿತು, ಚೀಲದಲ್ಲಿ ಇನ್ನೊಂದು ಕಲ್ಲು ಬಿತ್ತು.

ಮಾಪುಲೆಂಗ್ ಆ ಹೊಗೆಯನ್ನು ನೋಡುತ್ತ ನಿಂತಳು. ಎಂಟು ವರ್ಷ ತಾನು ಊದಿದ ಒಲೆಯಲ್ಲಿ ಇವತ್ತು ಉರಿಯುತ್ತಿದ್ದುದು ತನ್ನ ಮನೆಯ ಬೆಂಕಿ.