ಸಾವಿನ ಮನೆಯ ಬಾಂಡ್ಲಿ

ಲಕ್ಷ್ಮೀದೇವಿ ಒಲೆಯ ಮೇಲೆ ಎಣ್ಣೆ ಬಾಂಡ್ಲಿ ಇಟ್ಟೇಬಿಟ್ಟಳು. ಪಡಸಾಲೆಯಲ್ಲಿ ಅತ್ತೆ ಅಂತರಘಟ್ಟಮ್ಮನ ಹೆಣ ಇನ್ನೂ ಮಲಗಿತ್ತು. ಸುತ್ತ ಕೂತು ಅಳುತ್ತಿದ್ದ ಹೆಂಗಸರು, ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಳು ನಿಲ್ಲಿಸಿ ಅಡುಗೆಮನೆಗೆ ನುಗ್ಗಿದರು.

"ನಿನ್ ಬುದ್ಧಿಗಿಷ್ಟು ಬೆಂಕಿ ಬೀಳ! ಹೆಣ ಮನೇಲಿರೋವಾಗ ಯಾರಾದ್ರೂ ಬಾಂಡ್ಲಿ ಇಡ್ತಾರೇನೇ?" ಎಂದು ಅತ್ತೆಯ ತಂಗಿ ಮಾರಕ್ಕ ಹಣೆ ಬಡಿದುಕೊಂಡಳು.

"ಇವತ್ತು ಕ್ರಿಸ್ಮಸ್ಸು, ಚಿಕ್ಕತ್ತೆ. ಕರ್ಜಿಕಾಯಿಗೆ ಅಂತ ಶೇಂಗಾ ಬೆಲ್ಲ ಕುಟ್ಟಿ ಹೂರಣ ಮಾಡಿಟ್ಟೇ ಅವರು ಕಣ್ಣು ಮುಚ್ಚಿದ್ದು. ಹಂಚದೆ ಅವರನ್ನ ಕಳಿಸಾಕೆ ಆಗಲ್ಲ."

"ಪರಶುರಾಮಾ, ನಿನ್ ಹೆಂಡ್ತಿಗೆ ಹೇಳೋ!"

ಪರಶುರಾಮ ತಾಯಿಯ ತಲೆದೆಸೆಯಿಂದ ಏಳಲಿಲ್ಲ. "ಅವ್ವನಿಗೇ ಹೇಳಾಕೆ ಆಗ್ಲಿಲ್ಲ. ಇನ್ನು ಇವಳಿಗೆ ಹೇಳ್ತೀನಾ?" ಎಂದು ಮುಖ ಮುಚ್ಚಿಕೊಂಡ.

*

ಅಂತರಘಟ್ಟಮ್ಮ ಅಂದರೆ ಹಠ. ದೀಕ್ಷಾಸ್ನಾನ ಕೊಟ್ಟ ಪಾಸ್ಟರು ಹೆಸರು ಬದಲಿಸಿಕೋ ಎಂದರೆ, "ಈ ಹೆಸರಿನೋಳ್ನೇ ಅಲ್ವೇನ್ರಿ ಯೇಸಪ್ಪ ಕರೆದಿದ್ದು?" ಎಂದು ಅವರ ಬಾಯಿ ಮುಚ್ಚಿಸಿದವಳು. ಪ್ರತಿ ಕ್ರಿಸ್ಮಸ್ಸಿಗೂ ಕರ್ಜಿಕಾಯಿ ಬುಟ್ಟಿ ಹೊತ್ತು ಕೇರಿಯಿಂದ ಊರೊಳಕ್ಕೆ ಹೊರಡುತ್ತಿದ್ದಳು. ಬಾಗಿಲು ತೆಗೆದವರು ತೆಗೆದರು, ಮುಖ ತಿರುಗಿಸಿದವರು ತಿರುಗಿಸಿದರು. ಕಲ್ಲೇಶಪ್ಪ ಗೌಡರದು ಮಾತ್ರ ಎಂದೂ ಒಂದೇ ರಾಗ.

"ಕಟ್ಟೆ ಮೇಲಿಟ್ಟು ಹೋಗಮ್ಮ."

"ಇಡಲ್ಲ ಗೌಡ್ರೆ. ಕೈ ಚಾಚಿದ್ರೆ ಕೊಡ್ತೀನಿ."

ಕೈ ಬರುತ್ತಿರಲಿಲ್ಲ. ಅವರ ಪಾಲನ್ನು ಅವರ ಬಾಗಿಲೆದುರೇ ಕಟಕಟನೆ ಕಡಿದು ತಿಂದು ಮನೆಗೆ ಬರುತ್ತಿದ್ದಳು, ಪುಣ್ಯಾತ್ಗಿತ್ತಿ!

ಸೊಸೆಯಾಗಿ ಬಂದ ಹೊಸತರಲ್ಲಿ ಲಕ್ಷ್ಮೀದೇವಿಗೆ ಅವಮಾನದಿಂದ ಮೈಯೆಲ್ಲ ಉರಿದಿತ್ತು. "ಹೋಗಿ ಹೋಗಿ ಅವರ ಬಾಗ್ಲಿಗೆ ಯಾಕತ್ತೆ?"

"ಯೇಸಪ್ಪನ ತಾಯಿ ತುಂಬಿದ ಬಸುರಿ, ಊರೆಲ್ಲ ಬಾಗ್ಲು ಬಡಿದ್ಲು. ಒಬ್ಬರೂ ಜಾಗ ಕೊಡ್ಲಿಲ್ಲ. ದನದ ಕೊಟ್ಟಿಗೇಲಿ ಹೆತ್ಲು. ಹಂಗಂತ ದೇವರು ಮುನಿಸ್ಕೊಂಡು ವಾಪಸ್ ಹೋದ್ನೇನು? ತೆಗೆಯೋದು ಬಿಡೋದು ಅವರಿಷ್ಟ ಕಣೇ. ನಾವು ಬಡಿಯೋದು ಬಿಟ್ರೆ ಕ್ರಿಸ್ಮಸ್ ಎಲ್ಲೈತೆ?"

*

ಪ್ರಾರ್ಥನೆ ಮುಗಿದು ಪೆಟ್ಟಿಗೆ ಹೆಗಲೇರಿತು. ಬಿಸಿ ಕರ್ಜಿಕಾಯಿಯ ಬುಟ್ಟಿ ಹಿಡಿದ ಲಕ್ಷ್ಮೀದೇವಿ ಎಲ್ಲರಿಗಿಂತ ಮುಂದೆ ನಡೆದಳು. ಮಣ್ಣಿಗೆ ಹೋಗುವ ದಾರಿ ಊರ ನಡುಬೀದಿಯದೇ. ಹೆಣ ಬರುತ್ತದೆಂದು ಪದ್ಧತಿಯಂತೆ ಬೀದಿಯುದ್ದಕ್ಕೂ ಬಾಗಿಲುಗಳು ಧಡಧಡ ಮುಚ್ಚಿಕೊಂಡವು.

"ನೋಡಿದ್ಯಾ? ಇನ್ ಯಾರಿಗ್ ಕೊಡ್ತೀಯ?" ಎಂದಳು ಮಾರಕ್ಕ.

ಲಕ್ಷ್ಮೀದೇವಿ ಬುಟ್ಟಿಯನ್ನು ಎದೆಗವಚಿಕೊಂಡು ಮುಂದೆ ನಡೆದಳು. ಇವತ್ತು ಬಡಿಯದಿದ್ದರೆ ಅತ್ತೆಯ ಹಬ್ಬವೂ ಅತ್ತೆಯ ಜೊತೆಗೇ ಮಣ್ಣಾಗುತ್ತದೆ. ಕಲ್ಲೇಶಪ್ಪನ ಮನೆ ಮುಂದೆ "ನಿಲ್ಲಿಸ್ರಿ" ಎಂದವಳೇ ಹೋಗಿ ಬಾಗಿಲು ಬಡಿದಳು.

"ಗೌಡ್ರೆ, ಕ್ರಿಸ್ಮಸ್ಸು. ಕೈ ಚಾಚ್ರಿ."

"ಹೆಣ ತಂದು ಬಾಗ್ಲಲ್ಲಿ ನಿಲ್ಲಿಸ್ತೀರೇನಮ್ಮ? ಮುಂದೆ ನಡೀರಿ!" ಒಳಗಿನಿಂದ ಕಲ್ಲೇಶಪ್ಪನ ದನಿ ಗದರಿತು.

"ನೀವು ತೆಗೆಯೋತನಕ ಇಳಿಸೋದೂ ಇಲ್ಲ, ನಡೆಯೋದೂ ಇಲ್ಲ."

ಪರಶುರಾಮನೂ ಉಳಿದವರೂ ಹೆಗಲು ಬದಲಿಸಿಕೊಂಡರು. ಒಬ್ಬರೂ ಹೆಜ್ಜೆ ಕೀಳಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಎದುರುಮನೆಯ ಅಗುಳಿ ಸರಿದ ಸದ್ದಾಯಿತು. ಆ ಮನೆಯ ಕೊಟ್ರಮ್ಮ ಹೊಸ್ತಿಲು ದಾಟಿ, ಹೆಣದ ಎದುರೇ ಸೆರಗೊಡ್ಡಿ ನಿಂತಳು. ಅದರಾಚೆಯ ಬಾಗಿಲೂ ಕಿರುಗುಟ್ಟಿತು.

"ಬಂದೆ ಕೊಟ್ರಮ್ಮಾರೆ, ಅಲ್ಲೇ ನಿಂತಿರ್ರಿ" ಎಂದ ಲಕ್ಷ್ಮೀದೇವಿ, ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಕಲ್ಲೇಶಪ್ಪನ ಬಾಗಿಲನ್ನೇ ಇನ್ನಷ್ಟು ಜೋರಾಗಿ ಬಡಿದಳು.