ಮೊಟ್ಟೆಪೆಟ್ಟಿಗೆಯೊಳಗಿನ ಚಿಂವ್‌ಚಿಂವ್

“ಲೇ, ಬೇಗ ಬಾರೇ! ಮರಿಗಳು ಕೂಗ್ತಾ ಇವೆ!”

ಅತ್ತೆಯ ಕರೆಗೆ ಸೊಸೆ ಬಿಚ್ಚಿದ್ದ ರೇಡಿಯೊವನ್ನು ಅಲ್ಲೇ ಬಿಟ್ಟು ಹಿಂದಿನ ಕೋಣೆಗೆ ಓಡಿದಳು. ಕಾವಿಗೆ ಕೂತಿದ್ದ ಕೋಳಿಯನ್ನು ನಾಯಿ ಕಚ್ಚಿ ಕೊಂದಾಗ ಅತ್ತೆ ಅನ್ನ ನೀರು ಬಿಟ್ಟು ಕೂತಿದ್ದರು. ಅದನ್ನು ನೋಡಲಾರದೆ ರೇಡಿಯೊ ರಿಪೇರಿ ಮಾಡುವ ಸೊಸೆ ಥರ್ಮೊಕೋಲ್ ಡಬ್ಬಕ್ಕೆ ಫ್ಯಾನು, ಹೀಟರು ಜೋಡಿಸಿ ಮೊಟ್ಟೆಗಳಿಗೆ ಕಾವು ಕೊಟ್ಟಿದ್ದಳು. ಬೆಳಿಗ್ಗೆಯಿಂದ ಕರೆಂಟಿಲ್ಲ. ಡಬ್ಬ ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

ಚಿಂವ್‌ಚಿಂವ್ ಸದ್ದೇನೋ ನಿಜ. ಸೊಸೆ ಕಿವಿಗೊಟ್ಟಳು. ಸದ್ದು ಬರುತ್ತಿದ್ದದ್ದು ಮೊಟ್ಟೆಗಳಿಂದಲ್ಲ, ಪಕ್ಕದ ಸಣ್ಣ ಬೋರ್ಡಿನ ತಂತಿ ಸುರುಳಿಯಿಂದ.

“ಅತ್ತೆ, ಇದು ಮರಿಯಲ್ಲ, ರೆಗ್ಯುಲೇಟರು.”

“ಅದಕ್ಕೂ ಜೀವ ಬಂತಾ?”

ಸೊಸೆಗೆ ನಗಲು ಪುರಸೊತ್ತಿರಲಿಲ್ಲ. ಬ್ಯಾಟರಿಯ ಹೆಚ್ಚಿನ ವೋಲ್ಟೇಜನ್ನು ಹನ್ನೆರಡಕ್ಕೆ ಇಳಿಸಿಕೊಡುವುದು ಆ ಬೋರ್ಡಿನ ಕೆಲಸ. ಒಳಗಿನ ಸ್ವಿಚ್ಚು ಕಿವಿಗೆ ಕೇಳದಷ್ಟು ವೇಗವಾಗಿ ಆನ್ ಆಫ್ ಆಗುತ್ತಿರುತ್ತದೆ. ಈಗ ಬ್ಯಾಟರಿಯೇ ಹನ್ನೆರಡರ ಹತ್ತಿರ ಬಂದಿತ್ತು. ಇಳಿಸುವುದಕ್ಕೆ ಏನೂ ಉಳಿಯದೆ ಸ್ವಿಚ್ಚು ಹೆಚ್ಚುಕಮ್ಮಿ ಆನ್ ಆಗಿಯೇ ಇದ್ದು, ಆಗೊಮ್ಮೆ ಈಗೊಮ್ಮೆ ಮಾತ್ರ ಆಫ್ ಆಗುತ್ತಿತ್ತು. ವೇಗ ಇಳಿದದ್ದರಿಂದ ಅದರ ಸದ್ದು ಈಗ ಕಿವಿಗೆ ಕೇಳುತ್ತಿತ್ತು. ಬ್ಯಾಟರಿ ಇನ್ನೂ ಇಳಿದರೆ ಹೀಟರಿಗೆ ಸಿಗುವುದೂ ಇಳಿಯುತ್ತದೆ. ಫ್ಯಾನು ಆಗಲೇ ತೂಕಡಿಸುತ್ತಿತ್ತು. ತುಂಬಿದ ಬ್ಯಾಟರಿಯಲ್ಲಷ್ಟೇ ಪರೀಕ್ಷೆ ಮಾಡಿದ್ದಕ್ಕೆ ಅವಳು ಮೆಲ್ಲನೆ ತನ್ನನ್ನೇ ಬೈದುಕೊಂಡಳು.

“ಇನ್ನೊಂದು ಬ್ಯಾಟರಿ ಬೇಕಲ್ಲ...”

ಅತ್ತೆ ಹೊರಗೆ ನೋಡಿದರು. ಮಾವ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತುತ್ತಿದ್ದರು.

“ರೀ, ಇಳೀರಿ!”

“ಯಾಕೆ?”

“ನಡ್ಕೊಂಡು ಹೋಗಿ. ಹೊಟ್ಟೆ ಕರಗುತ್ತೆ.”

ಸೊಸೆ ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದಳು. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕಟ್ಟಿ, ಎರಡರ ವೋಲ್ಟೇಜನ್ನೂ ಒಟ್ಟುಗೂಡಿಸಿದಳು. ಅಷ್ಟನ್ನು ಬೋರ್ಡು ತಾಳುತ್ತದೆಂದು ಅವಳಿಗೆ ಗೊತ್ತಿತ್ತು. ಸದ್ದು ತಟ್ಟನೆ ನಿಂತಿತು. ಫ್ಯಾನು ಚುರುಕಾಯಿತು. ಹೆಲ್ಮೆಟ್ ತೆಗೆಯದೆಯೇ ಬಾಗಿಲಲ್ಲಿ ನಿಂತಿದ್ದ ಮಾವ, “ಸರಿ ಹೋಯ್ತೇನಮ್ಮ?” ಎಂದು ಕೇಳಿ, ಅವಳು ತಲೆಯಾಡಿಸಿದ ಮೇಲೆ ನಡೆದೇ ಹೊರಟರು. ಸ್ವಲ್ಪ ಹೊತ್ತಿಗೆ ಕರೆಂಟೂ ಬಂತು.

ಮಾರನೆಯ ದಿನ ಮೊದಲ ಚಿಪ್ಪು ಬಿರಿಯಿತು. ಒದ್ದೆ ಮರಿ ಒಣಗಿ ಹತ್ತಿಯುಂಡೆಯಾದ ಮೇಲೆ ಅತ್ತೆ ಅದನ್ನೆತ್ತಿ ಸೊಸೆಯ ಅಂಗೈಗೆ ಇಟ್ಟರು.

“ಹಿಡ್ಕೋ. ನಿನ್ನೆ ನಿನ್ನನ್ನೇ ನೀನು ಬೈಕೊಂಡಿದ್ದು ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡ್ಯಾ?”