ಮಿಲ್ಲಿನ ಪಕ್ಕದ ಹಾಲ್

ಪಂದ್ಯಕ್ಕೆ ಜಾಗ ಗೊತ್ತುಮಾಡುವ ಕೆಲಸವನ್ನು ಕಮಿಟಿಯವರು ಶಾಮಣ್ಣನಿಗೇ ಬಿಟ್ಟಿದ್ದರು. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಶಾಮಣ್ಣ ಜಯನಗರದ ಚದುರಂಗ ಸಂಘದ ಕಾರ್ಯದರ್ಶಿಯಾಗಿ ನಾಲ್ಕು ವರ್ಷವಾಗಿತ್ತು. ಅದು ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿ. ಶನಿವಾರ, ಭಾನುವಾರ ಪಂದ್ಯ. ಶಾಮಣ್ಣನೂ ಸೇರಿ ಆರು ಜನ ಆಟಗಾರರು. ಪ್ರತಿಯೊಬ್ಬರೂ ಉಳಿದ ಐವರೊಡನೆ ಒಂದೊಂದು ಆಟ ಆಡಬೇಕು. ಗೆದ್ದವರನ್ನು ಸಂಘ ಮೈಸೂರಿನ ದೊಡ್ಡ ಪಂದ್ಯಕ್ಕೆ ಕಳಿಸುತ್ತಿತ್ತು.

ಶಾಮಣ್ಣ ಎರಡು ಜಾಗ ನೋಡಿ ಬಂದಿದ್ದ. ಒಂದು, ಜರಗನಹಳ್ಳಿಯಲ್ಲಿ ತಿಮ್ಮರಾಯಪ್ಪನ ಮನೆಯ ಪಡಸಾಲೆ. ತಿಮ್ಮರಾಯಪ್ಪ ಹೊಲ ಗದ್ದೆ ಇದ್ದ ಮನುಷ್ಯ, ಚದುರಂಗ ಆಡುವುದಕ್ಕಿಂತ ನೋಡುವುದೆಂದರೆ ಅವನಿಗೆ ಪ್ರಾಣ. ಪಡಸಾಲೆ ತಂಪಾಗಿತ್ತು, ಸದ್ದುಗದ್ದಲವಿರಲಿಲ್ಲ. ಆದರೆ ಅಲ್ಲಿಗೆ ಬಸ್ಸು ದಿನಕ್ಕೆ ನಾಲ್ಕೋ ಐದೋ. ಇನ್ನೊಂದು, ಜಯನಗರದ ಬಸ್ ಸ್ಟಾಪಿಗೆ ಎದುರಾಗಿದ್ದ ಹಾಲ್. ಮೇಜು, ಕುರ್ಚಿ, ಫ್ಯಾನು ಎಲ್ಲ ಇತ್ತು, ಪಕ್ಕದಲ್ಲೇ ಕಾಫಿ ಹೋಟೆಲು. ಹಾಲಿನ ಹಿಂಗೋಡೆಗೆ ತಾಗಿಕೊಂಡು ಚಿಕ್ಕಬೈರಪ್ಪನ ಹಿಟ್ಟಿನ ಮಿಲ್ಲು.

ಶಾಮಣ್ಣ ನೋಡಲು ಹೋದಾಗ ಮಿಲ್ಲು ಓಡುತ್ತಿತ್ತು. ಹಿಂದಿನ ಕಿಟಕಿಯ ಹತ್ತಿರ ಅವನು ಒಂದು ನಿಮಿಷ ನಿಂತ. ಆಗ ಅವನಿಗೆ ನೆನಪಾದವರು ಪರಮಶಿವಯ್ಯ.

ಬನಶಂಕರಿ ಗುಡಿಯ ಹತ್ತಿರ ಬೆತ್ತದ ಕುರ್ಚಿ ಹೆಣೆಯುತ್ತಿದ್ದ ಪರಮಶಿವಯ್ಯನವರಿಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಚದುರಂಗದ ಪ್ರತಿ ಮನೆಗೂ ತೂತು ಕೊರೆದ ಒಂದು ಹಲಗೆಯನ್ನು ಅವರು ತಾವೇ ಮಾಡಿಸಿಕೊಂಡಿದ್ದರು. ಕಾಯಿಗಳನ್ನು ಅದರಲ್ಲಿ ಸಿಕ್ಕಿಸಿ, ಬೆರಳಾಡಿಸಿ ಆಟ ನೋಡುವರು. ಎದುರಾಳಿ ತನ್ನ ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಹಿಂದಿನ ಎರಡು ವರ್ಷವೂ ಕೊನೆಯ ಆಟದಲ್ಲಿ ಶಾಮಣ್ಣನನ್ನು ಸೋಲಿಸಿದವರು ಅವರೇ. ಎರಡು ಸಲವೂ ಮೈಸೂರಿಗೆ ಹೋಗಲು ರಜೆಯ ಅರ್ಜಿ ಬರೆದುಕೊಟ್ಟು, ಆಮೇಲೆ ಅದನ್ನು ವಾಪಸು ತೆಗೆದುಕೊಂಡಿದ್ದ ಶಾಮಣ್ಣ.

ಕಮಿಟಿಯಲ್ಲಿ ಅವನು, "ಬಸ್ಸಿಗೆ ಅನುಕೂಲ, ಕಾಫಿಗೆ ಅನುಕೂಲ. ಹಾಲೇ ಇರ್ಲಿ" ಎಂದ. ಯಾರೂ ಬೇಡವೆನ್ನಲಿಲ್ಲ. ಮಿಲ್ಲಿನ ವಿಷಯ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಪರಮಶಿವಯ್ಯ ಹೆಂಡತಿ ಸೀತಮ್ಮನ ತೋಳು ಹಿಡಿದು ಬಂದರು. ಬಾಗಿಲಲ್ಲೇ ನಿಂತು ತಲೆ ಓರೆಮಾಡಿ ಕೇಳಿದರು.

"ಏನದು ಸದ್ದು?"

"ಪಕ್ಕದಲ್ಲಿ ಮಿಲ್ಲು," ಎಂದ ಶಾಮಣ್ಣ.

"ಓ," ಎಂದು ಅವರು ಒಳಗೆ ಬಂದರು. ಅಷ್ಟೇ.

ಮೊದಲೆರಡು ಆಟ ಹೇಗೋ ಗೆದ್ದರು. ಮೂರನೆಯದು ರಾಮಪ್ರಸಾದನ ಜೊತೆ. ಬಸವನಗುಡಿಯ ವಕೀಲ ರಾಮಪ್ರಸಾದ ಒಳ್ಳೆಯ ಆಟಗಾರನೇ, ಮೋಸದವನಲ್ಲ. ಹತ್ತೊಂಬತ್ತನೇ ನಡೆಯಲ್ಲಿ ಅವನು, "ಆನೆ, ಮೂರನೇ ಮನೆ" ಎಂದ. ಅದೇ ಹೊತ್ತಿಗೆ ಮಿಲ್ಲಿನಲ್ಲಿ ಯಾರದೋ ರಾಗಿ ಸುರಿದರು. ಪರಮಶಿವಯ್ಯನವರಿಗೆ ಕೇಳಿಸಿದ್ದು 'ಆರನೇ ಮನೆ'. ಆನೆಯನ್ನು ತಮ್ಮ ಹಲಗೆಯ ಮೇಲೆ ಅಲ್ಲೇ ಸಿಕ್ಕಿಸಿಕೊಂಡರು. ಎರಡು ನಡೆಯಾದ ಮೇಲೆ ಮಂತ್ರಿಯನ್ನು ಸೀದಾ ಆ ಆನೆಯ ಬಾಯಿಗೆ ಇಟ್ಟರು.

ತೀರ್ಪುಗಾರರಾಗಿದ್ದ ನಿವೃತ್ತ ಮೇಷ್ಟ್ರು ಚನ್ನಬಸವಯ್ಯ ಎರಡು ಹಲಗೆಗಳನ್ನೂ ನೋಡಿ ಗಲ್ಲ ಕೆರೆದುಕೊಂಡರು. "ಕೇಳಿಸ್ದಿದ್ರೆ ಇನ್ನೊಂದ್ಸಲ ಕೇಳ್ಬೇಕಿತ್ತಲ್ಲ ಪರಮಶಿವಯ್ಯ."

"ಕೇಳಿಸ್ತು ಅಂದ್ಕೊಂಡೆ ಮೇಷ್ಟ್ರೇ. ನನ್ನ ಕಿವೀದೇ ತಪ್ಪು. ಆಟ ಮುಂದುವರೀಲಿ," ಎಂದರು ಪರಮಶಿವಯ್ಯ. ಹತ್ತು ನಿಮಿಷದಲ್ಲಿ ಸೋತರು.

ಪಕ್ಕದ ಮೇಜಿನಲ್ಲಿದ್ದ ಶಾಮಣ್ಣ ಎಲ್ಲವನ್ನೂ ನೋಡಿದ. ಮೊದಲು ಅವನಿಗೆ ಆದದ್ದು ಸಂತೋಷವೇ. ಆ ಸಂತೋಷ ಎದೆಯಲ್ಲಿ ಎದ್ದುದು ಅವನಿಗೇ ಗೊತ್ತಾಯಿತು. ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ.

ಭಾನುವಾರ ಮಿಲ್ಲಿನ ಮುಂದೆ ಇನ್ನೂ ದೊಡ್ಡ ಸಾಲು. ನಾಲ್ಕನೇ ಆಟದಲ್ಲಿ ಪರಮಶಿವಯ್ಯ ಮೇಜಿನ ಮೇಲೆ ಬಾಗಿ, ಕಿವಿಯನ್ನು ಎದುರಾಳಿಯ ಬಾಯಿಗೆ ಒಡ್ಡಿ ಕೂತಿದ್ದರು. ಒಂದೊಂದು ನಡೆಯನ್ನೂ ಎರಡೆರಡು ಸಲ ಕೇಳುವರು. ಎದುರಾಳಿ ರೇಗಿ, "ಎಷ್ಟ್ ಸಲ ರೀ ಕೂಗೋದು!" ಎಂದ. ಪರಮಶಿವಯ್ಯನವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆದರೂ ಗೆದ್ದರು.

ಊಟದ ಹೊತ್ತಿಗೆ ಉಳಿದವರ ಆಟಗಳೆಲ್ಲ ಮುಗಿದಿದ್ದವು. ಗೆದ್ದ ಆಟಕ್ಕೆ ಒಂದು, ಸಮವಾದದ್ದಕ್ಕೆ ಅರ್ಧ ಲೆಕ್ಕದಲ್ಲಿ ರಾಮಪ್ರಸಾದನಿಗೆ ನಾಲ್ಕೂವರೆ ಅಂಕ, ಶಾಮಣ್ಣನಿಗೆ ಮೂರೂವರೆ. ಬಾಕಿ ಇದ್ದದ್ದು ಒಂದೇ ಆಟ: ಶಾಮಣ್ಣ ಮತ್ತು ಪರಮಶಿವಯ್ಯ. ಶಾಮಣ್ಣ ಗೆದ್ದರೆ ರಾಮಪ್ರಸಾದನಿಗೆ ಸಮವಾಗಿ, ಮೈಸೂರಿಗೆ ಯಾರೆಂದು ಇನ್ನೊಂದು ಆಟ ಆಡಬಹುದಿತ್ತು. ಪರಮಶಿವಯ್ಯ ಗೆದ್ದರೂ ಅವರಿಗೆ ನಾಲ್ಕೇ. ಅವರ ಮೈಸೂರು ನಿನ್ನೆಯೇ ಹೋಗಿತ್ತು.

ಶಾಮಣ್ಣ ಊಟ ಬಿಟ್ಟು ಮಿಲ್ಲಿಗೆ ಹೋದ. ಮೈಯೆಲ್ಲ ಹಿಟ್ಟಾಗಿದ್ದ ಚಿಕ್ಕಬೈರಪ್ಪ ಯಂತ್ರದ ಪಟ್ಟಿ ಸರಿಮಾಡುತ್ತಿದ್ದ.

"ಎರಡೇ ಗಂಟೆ ನಿಲ್ಸಪ್ಪ. ಒಂದು ಆಟ ಉಳಿದಿದೆ."

"ಆಗಲ್ಲ ಸ್ವಾಮಿ. ಅರೆಕೆರೆಯಿಂದ ತಲೆ ಮೇಲೆ ಹೊತ್ಕೊಂಡು ಬಂದವ್ರೆ, ನೋಡಿ ಆ ಹೆಂಗಸ್ರು. ಏನಂತ ವಾಪಸ್ ಕಳಿಸ್ಲಿ?" ಚಿಕ್ಕಬೈರಪ್ಪ ತಲೆಯೆತ್ತಿದ. "ಅಲ್ಲಾ, ನಿಮಗೆ ಮೊದ್ಲೇ ಗೊತ್ತಿರ್ಲಿಲ್ವಾ? ಅವತ್ತು ಕಿಟಕೀಲಿ ನಿಂತ್ಕೊಂಡು ಕೇಳಿಸ್ಕೊಂಡು ಹೋದ್ರಲ್ಲ."

ಶಾಮಣ್ಣ ಅಲ್ಲಿಂದ ತಿರುಗಿದ. ಹಾಲಿಗೆ ಬಂದವನೇ ಚನ್ನಬಸವಯ್ಯನವರಿಗೆ, "ಮೇಷ್ಟ್ರೇ, ಈ ಆಟ ಜರಗನಹಳ್ಳೀಲಿ ಆಡ್ತೀವಿ. ಜಟಕಾ ತರ್ತೀನಿ. ತಿಮ್ಮರಾಯಪ್ಪ ಬೇಡ ಅನ್ನಲ್ಲ," ಎಂದ.

ಎಲ್ಲರೂ ಅವನನ್ನೇ ನೋಡಿದರು. ರಾಮಪ್ರಸಾದ ನಕ್ಕು, "ಗೆಲ್ಲೋ ಆಟಾನ ಯಾಕ್ರೀ ಕೈಯಾರೆ ಕೆಡಿಸ್ಕೋತೀರಾ ಶಾಮಣ್ಣ?" ಎಂದ.

"ಇಬ್ಬರೂ ಒಪ್ಪಿದ್ರೆ ನನ್ನದೇನೂ ಅಡ್ಡಿ ಇಲ್ಲ," ಎಂದರು ಮೇಷ್ಟ್ರು.

"ನಾನು ಒಪ್ಪಲ್ಲ." ಪರಮಶಿವಯ್ಯನವರ ದನಿ ಗಟ್ಟಿಯಾಗಿತ್ತು. "ಕುರುಡ ಅಂತ ಕನಿಕರವಾ ಶಾಮಣ್ಣೋರೆ? ಎಲ್ಲರೂ ಇಲ್ಲಿ ಆಡಿದ್ರು, ನಾನೂ ಇಲ್ಲೇ ಆಡ್ತೀನಿ. ಬನ್ನಿ, ಕೂತ್ಕೊಳ್ಳಿ."

ಸೀತಮ್ಮ ಗಂಡನ ಭುಜ ಮುಟ್ಟಿದಳು. ಅವರು ಅವಳ ಕೈ ಸರಿಸಿದರು.

ಶಾಮಣ್ಣ ಕುರ್ಚಿ ಎಳೆದ. ಸುಮ್ಮನೆ ಕೂತು ಆಡಿದರೆ ಮುಗಿಯಿತು. ಕೇಳಿದ್ದೆ, ಅವರೇ ಒಪ್ಪಲಿಲ್ಲ ಎನ್ನಬಹುದು. ಕುರ್ಚಿಯ ಬೆನ್ನು ಹಿಡಿದು ನಿಂತ.

"ಕನಿಕರ ಅಲ್ಲ," ಎಂದ. ಮಿಲ್ಲಿನ ಸದ್ದಿಗೆ ಅವನ ಮಾತು ಅವನಿಗೇ ಕೇಳಿಸಲಿಲ್ಲ. ದನಿಯೆತ್ತಿದ. "ಕನಿಕರ ಅಲ್ಲ ಪರಮಶಿವಯ್ಯನೋರೆ! ನಾನು ನೋಡೋಕೆ ಬಂದಾಗ ಮಿಲ್ಲು ಓಡ್ತಿತ್ತು. ನಿಮಗೆ ತೊಂದರೆ ಆಗುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಇದನ್ನ ಹಿಡಿದೆ."

ಮೇಷ್ಟ್ರು ಕನ್ನಡಕ ತೆಗೆದರು. ಪರಮಶಿವಯ್ಯನವರ ಬೆರಳು ಹಲಗೆಯ ಮೇಲೆ ನಿಂತುಬಿಟ್ಟಿತು. ಮುಖ ಕಪ್ಪಿಟ್ಟಿತ್ತು. ಹೊಡೆದುಬಿಟ್ಟರೂ ಚೆನ್ನ ಎನ್ನಿಸಿತು ಶಾಮಣ್ಣನಿಗೆ.

"ನಿನ್ನೆ ಹೇಳಿದ್ರೆ ಉಪಯೋಗವಿತ್ತು," ಎಂದರು ಪರಮಶಿವಯ್ಯ. ಆಮೇಲೆ ಹಲಗೆಯನ್ನು ಕಂಕುಳಿಗೆ ಸೇರಿಸಿ ಎದ್ದರು. "ಜಟಕಾ ತರಿಸಿ."

ಶಾಮಣ್ಣ, ಪರಮಶಿವಯ್ಯ, ಸೀತಮ್ಮ, ಮೇಷ್ಟ್ರು ನಾಲ್ವರೂ ಜಟಕಾದಲ್ಲಿ ಜರಗನಹಳ್ಳಿಗೆ ಹೋದರು. ತಿಮ್ಮರಾಯಪ್ಪ ಗಾಬರಿಬಿದ್ದು ಚಾಪೆ ಹಾಸಿದ, ಮಜ್ಜಿಗೆ ತಂದಿಟ್ಟ, ಅಂಗಳದಲ್ಲಿದ್ದ ಕೋಳಿಗಳನ್ನು ಓಡಿಸಿದ. ಮೂರೂವರೆಗೆ ಆಟ ಶುರುವಾಯಿತು.

ಅಲ್ಲಿ ಪರಮಶಿವಯ್ಯ ಬೇರೆಯೇ ಮನುಷ್ಯ. ಬೆನ್ನು ನೆಟ್ಟಗೆ, ತಲೆ ನಿಶ್ಚಲ. ಶಾಮಣ್ಣ ಮೆತ್ತಗೆ ಹೇಳಿದ ನಡೆಯನ್ನು ಅವರು ಮೆತ್ತಗೇ ತಿರುಗಿ ಹೇಳುವರು; ಬೆರಳು ಹಲಗೆಯ ಮೇಲೆ ಒಮ್ಮೆ ಹರಿದಾಡುವುದು; ಕಾಯಿ ತೂತಿಗಿಳಿಯುವುದು. ಶಾಮಣ್ಣ ಸೋಲಬೇಕೆಂದು ಆಡಲಿಲ್ಲ. ಇಷ್ಟು ಮಾಡಿ ಬೇಕೆಂದೇ ಸೋತರೆ ಅದು ಇನ್ನೊಂದು ಅವಮಾನ ಎಂದು ಅವನಿಗೆ ಗೊತ್ತಿತ್ತು. ಒಂದು ಹಂತದಲ್ಲಿ ಕುದುರೆಯಿಂದ ಅವರ ಎರಡು ಕಾಲಾಳು ಕಿತ್ತು, ಗೆದ್ದೇಬಿಟ್ಟೆ ಎಂದುಕೊಂಡ. ಪರಮಶಿವಯ್ಯ ಇಪ್ಪತ್ತು ನಿಮಿಷ ಅಲ್ಲಾಡದೆ ಕೂತು, ಒಂಟೆಯನ್ನು ಒಂದೇ ಒಂದು ಮನೆ ಹಿಂದಕ್ಕೆ ತೆಗೆದರು. ಅದೇಕೆಂದು ಶಾಮಣ್ಣನಿಗೆ ತಿಳಿಯಲು ಇನ್ನೂ ಆರು ನಡೆ ಬೇಕಾಯಿತು. ಅಷ್ಟರಲ್ಲಿ ಅವನ ರಾಜನಿಗೆ ದಾರಿಯೇ ಉಳಿದಿರಲಿಲ್ಲ.

"ಸೋತೆ," ಎಂದು ಶಾಮಣ್ಣ ರಾಜನನ್ನು ಮಲಗಿಸಿದ. ತಿಮ್ಮರಾಯಪ್ಪ ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು.

ಕನಕಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಶಾಮಣ್ಣ, "ನಾಳೆ ಕಾರ್ಯದರ್ಶಿ ಕೆಲಸ ಬಿಟ್ಟುಕೊಡ್ತೀನಿ," ಎಂದ.

"ಬಿಟ್ಟು ಏನ್ಮಾಡ್ತೀರಾ?" ಎಂದರು ಪರಮಶಿವಯ್ಯ. "ಮುಂದಿನ ವರ್ಷಾನೂ ನೀವೇ ಜಾಗ ನೋಡಿ. ಆದ್ರೆ ನನ್ನೂ ಜೊತೇಲಿ ಕರ್ಕೊಂಡು ಹೋಗಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ಶಾಮಣ್ಣನಿಗೂ ಬರಲಿಲ್ಲ. ಬಸ್ಸು ಬಂತು. ಸೀತಮ್ಮ ಮೊದಲು ಹತ್ತಿ ಗಂಡನತ್ತ ಕೈ ಚಾಚಿದಳು.